ಟ್ರಿಪ್ ಆಗದ ಲೈನು, ಗಿರಿಜಕ್ಕನ ಹಲಸಿನ ಮರ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತ ನಿಂತಿದ್ದರೆ ಈಗಲೂ ಯಾರಾದರೂ ಬಂದು, "ಶೇಖರಪ್ಪೋರೇ, ನಾಳೆ ಕರೆಂಟ್ ಇರ್ತದಾ?" ಎಂದು ಕೇಳುತ್ತಾರೆ. ನಾನು ನಿವೃತ್ತನಾಗಿದ್ದೇನೆ, ಸಬ್‌ಸ್ಟೇಷನ್ನಿನ ಕಡೆ ಹೋಗುವುದೇ ಅಪರೂಪ ಎಂದರೆ ಅವರು ನಂಬುವುದಿಲ್ಲ. ಅದರಲ್ಲಿ ಅವರ ತಪ್ಪಿಲ್ಲ. ಅಷ್ಟು ವರ್ಷ ಆ ಪ್ರಶ್ನೆಗೆ ತಡವರಿಸದೆ ಉತ್ತರ ಕೊಟ್ಟವನು ನಾನು. ಹಾಗೆ ಉತ್ತರ ಕೊಡುವುದೇ ನನ್ನ ಹೆಮ್ಮೆಯಾಗಿತ್ತು. ಅದರಿಂದ ಆದ ಕೆಡುಕನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂಬುದು ಒಂದು ಕಾರಣ. ಹಳ್ಳದಕೆರೆಯ ಒಬ್ಬ ಹೆಂಗಸಿನ ಮೇಲೆ, ಅವರ ತೋಟದ ಒಂದು ಮರದ ಮೇಲೆ ನಾನು ಹೊರಿಸಿದ ತಪ್ಪನ್ನು ಇಳಿಸಬೇಕು ಎಂಬುದು ಇನ್ನೊಂದು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹೆಲ್ಪರಾಗಿ ಸೇರಿ, ಕಂಬ ಹೊತ್ತು, ಗುಂಡಿ ತೋಡಿ, ಕೊನೆಗೆ ಸಬ್‌ಸ್ಟೇಷನ್ನಿನ ಆಪರೇಟರ್ ಕುರ್ಚಿಗೆ ಬಂದೆ. ದೂರದಿಂದ ದೊಡ್ಡ ಲೈನಿನಲ್ಲಿ ಬಂದ ಕರೆಂಟನ್ನು ಇಳಿಸಿ ಊರೂರಿಗೆ ಹಂಚುವ ಜಾಗ ಅದು. ಅಲ್ಲಿಂದ ಹೊರಡುವ ಒಂದೊಂದು ಲೈನಿಗೂ ಫೀಡರ್ ಎನ್ನುತ್ತೇವೆ. ಫೀಡರನ್ನು ನಾವೇ ನಿಲ್ಲಿಸಿದರೆ 'ತೆಗೆದೆವು' ಎಂದು ಹೇಳುತ್ತೇವೆ. ಮರ ಬಿದ್ದೋ ತಂತಿ ತುಂಡಾಗಿಯೋ ಅದು ತಾನಾಗಿ ನಿಂತರೆ 'ಟ್ರಿಪ್ ಆಯಿತು' ಎನ್ನುತ್ತೇವೆ. ಮನೆಯಲ್ಲಿ ಕೂತವರಿಗೆ ಎರಡೂ ಒಂದೇ, ದೀಪ ಆರಿತು ಅಷ್ಟೆ. ಕೆಲಸ ಮಾಡುವವನಿಗೆ ಇವೆರಡಕ್ಕೂ ಅಜಗಜಾಂತರ. ಒಂದರಲ್ಲಿ ಕೈ ನಮ್ಮದು, ಇನ್ನೊಂದರಲ್ಲಿ ಯಾರದೂ ಅಲ್ಲ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ನನಗೆ ಕೆಲಸ ಕಲಿಸಿದವರು ಚೆನ್ನಪ್ಪಣ್ಣ, ಹಳೆಯ ಕಾಲದ ಆಪರೇಟರ್. ಬಾಯಲ್ಲಿ ಎಲೆಯಡಿಕೆ, ಕಿವಿಗೆ ಫೋನು. ಅವರು ನನಗೆ ಎರಡು ಪಾಠ ಹೇಳಿಕೊಟ್ಟರು. ಮೊದಲನೆಯದು ಮೇಲಿನವರಿಗೆ, ಅಂದರೆ ಇಡೀ ರಾಜ್ಯದ ಕರೆಂಟನ್ನು ಲೆಕ್ಕ ಹಾಕಿ ಹಂಚುವ ಕಂಟ್ರೋಲ್ ರೂಮಿನವರಿಗೆ. "ನೋಡು ಮಾರಾಯ, ಕಂಟ್ರೋಲ್ ರೂಮಿನೋರು ನಾಳೆಗೆಷ್ಟು ಬೇಕು ಅಂತ ಕೇಳ್ತಾರೆ. ಬೇಕಾದಷ್ಟೇ ಹೇಳಿದ್ರೆ ನೀನು ಕೆಟ್ಟೆ. ಒಂದು ಹಿಡಿ ಜಾಸ್ತಿ ಹೇಳು. ಅವ್ರು ಹೆಂಗೂ ಕಡಿಮೆ ಮಾಡ್ತಾರೆ, ನಮ್ಗೆ ಬೇಕಾದ್ದು ಉಳೀತದೆ." ಎರಡನೆಯದು ಜನರಿಗೆ. "ಯಾರೇ ಫೋನ್ ಮಾಡ್ಲಿ, ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡ. ಗೊತ್ತಿಲ್ಲ ಅಂದ್ರೆ ಮತ್ತೆ ಮತ್ತೆ ಫೋನ್ ಮಾಡ್ತಾರೆ. ಅರ್ಧ ಗಂಟೆ ಅನ್ನು. ನಂಬ್ಕೊಂಡು ಸುಮ್ಮನಿರ್ತಾರೆ."

ಎರಡನೆಯ ಪಾಠವನ್ನು ನಾನು ಕಳಸದ ಕಡೆ ಇದ್ದಾಗ ಚೆನ್ನಾಗಿ ಉಪಯೋಗಿಸಿದೆ. ಒಂದು ಮಳೆಗಾಲದಲ್ಲಿ ಹೊರನಾಡಿನ ಲೈನಿನ ಮೇಲೆ ಗುಡ್ಡವೇ ಜಾರಿ ಕಂಬಗಳು ಹಳ್ಳಕ್ಕೆ ಹೋಗಿದ್ದವು. ಯಾತ್ರಿಕರು ತುಂಬಿದ್ದ ಲಾಡ್ಜಿನವರು ಫೋನ್ ಮಾಡಿದರು. ಅರ್ಧ ಗಂಟೆ ಎಂದೆ. ಮಧ್ಯಾಹ್ನ ಮತ್ತೆ ಕೇಳಿದರು, ಅರ್ಧ ಗಂಟೆ ಎಂದೆ. ಮರುದಿನ ಬೆಳಿಗ್ಗೆ ಅವರು, "ಸ್ವಾಮಿ, ಕೋಪ ಮಾಡ್ಕೋಬೇಡಿ. ಅರ್ಧ ಗಂಟೆ ಒಂದು ದಿನ ಬರೋ ನಿಮ್ಮ ಗಡಿಯಾರ ಯಾವ ಕಂಪನೀದು? ನಾನೂ ಒಂದು ತಗೋತೀನಿ. ಬಂದೋರೆಲ್ಲ ರೂಮು ಬೇಗ ಖಾಲಿ ಮಾಡ್ತಾರೆ, ನಮ್ಗೆ ಅಂಥದ್ದೇ ಬೇಕು" ಎಂದರು. ಸ್ಟೇಷನ್ನಿನಲ್ಲಿ ಎಲ್ಲರೂ ನಕ್ಕೆವು. ಆ ನಗೆಯಲ್ಲಿ ನನ್ನ ದುರಭ್ಯಾಸ ಗಟ್ಟಿಯಾಯಿತು. ಅವರು ಯಾತ್ರಿಕರಿಗೆ ಮೇಣದಬತ್ತಿ ಹಂಚುವ ಬದಲು ನನ್ನ ಮಾತು ನಂಬಿ ಕತ್ತಲೆಯಲ್ಲಿ ಕೂರಿಸಿದ್ದರು ಎಂಬುದು ನನಗೆ ಆಗ ಹೊಳೆಯಲೇ ಇಲ್ಲ.

ಆ ಕಾಲದಲ್ಲಿ ಗೊತ್ತಿಲ್ಲದ್ದೆಲ್ಲ ನಮ್ಮ ಕಡೆಯೇ ಇತ್ತು. ಯಾವ ಮರ ಯಾವಾಗ ಬೀಳುತ್ತದೋ, ಯಾವ ಎಸ್ಟೇಟಿನವರು ಯಾವಾಗ ಪಂಪು ಹಾಕುತ್ತಾರೋ, ಅಷ್ಟೇ ಚಿಂತೆ. ಕರೆಂಟು ಹುಟ್ಟುವ ಕಡೆ ಅನುಮಾನ ಕಡಿಮೆ. ಅಣೆಕಟ್ಟಿನಲ್ಲಿ ನೀರು ಕಾಯುತ್ತಿತ್ತು, ಕಲ್ಲಿದ್ದಲು ರಾಶಿ ಬಿದ್ದಿರುತ್ತಿತ್ತು. ಕರೆಂಟನ್ನು ಹಂಡೆಯಲ್ಲಿ ನೀರು ತುಂಬಿಟ್ಟಂತೆ ಇಡಲು ಬರುವುದಿಲ್ಲ. ಈ ಕ್ಷಣ ಎಲ್ಲ ಊರುಗಳೂ ಸೇರಿ ಎಷ್ಟು ಉರಿಸುತ್ತವೆಯೋ ಈ ಕ್ಷಣ ಅಷ್ಟೇ ಹುಟ್ಟಬೇಕು. ಹೆಚ್ಚೂಕಡಿಮೆಯಾದರೆ ಗೋಡೆಯ ಮೇಲಿನ ಫ್ರೀಕ್ವೆನ್ಸಿ ಮೀಟರು ಐವತ್ತರಿಂದ ಆಚೀಚೆ ಸರಿಯುತ್ತದೆ, ಕಂಟ್ರೋಲ್ ರೂಮಿನವರ ದನಿ ಏರುತ್ತದೆ.

ಆಮೇಲೆ ಬಯಲುಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದವು. ಪಾವಗಡದ ಕಡೆ ನೆಲವೆಲ್ಲ ಸೋಲಾರ್ ಹಲಗೆಯಾಯಿತು. ಬಿಸಿಲಿನ ಕರೆಂಟು ಹಗಲಲ್ಲೇ ಖರ್ಚಾಗಬೇಕೆಂದು ನಮ್ಮ ತೋಟದ ಪಂಪುಗಳಿಗೆ ರಾತ್ರಿ ಕೊಡುತ್ತಿದ್ದ ತ್ರೀಫೇಸ್ ಕರೆಂಟನ್ನು ಹಗಲಿಗೆ ತಂದರು. ಬೆಳೆಗಾರರು ಸಂತೋಷಪಟ್ಟರು. ಟಾರ್ಚು ಹಿಡಿದು ಹಾವು ತುಳಿಯುತ್ತ ಪೈಪು ಎಳೆಯುವುದು ತಪ್ಪಿತಲ್ಲ! ಆದರೆ ಈಗ ಗೊತ್ತಿಲ್ಲದ್ದು ಎರಡೂ ಕಡೆ ಸೇರಿಕೊಂಡಿತ್ತು. ನಮ್ಮ ಪಂಪು ಯಾವಾಗ ತಿರುಗುತ್ತದೆ ಎಂಬುದೂ ಗೊತ್ತಿಲ್ಲ, ಅಲ್ಲಿ ಗಾಳಿ ಯಾವಾಗ ಬಿದ್ದು ಯಂತ್ರ ನಿಲ್ಲುತ್ತದೆ ಎಂಬುದೂ ಗೊತ್ತಿಲ್ಲ.

ಆ ಹೊತ್ತಿಗೆ ನಮ್ಮ ಸೆಕ್ಷನ್ನಿಗೆ ಸಹನಾ ಮೇಡಂ ಎಂಬ ಅಸಿಸ್ಟೆಂಟ್ ಎಂಜಿನಿಯರ್ ಬಂದರು. ಹಿರಿಯೂರಿನ ಕಡೆಯವರು, ಗಾಳಿಯಂತ್ರಗಳನ್ನು ನೋಡುತ್ತಲೇ ಬೆಳೆದವರು. ಬಂದ ವಾರವೇ ನಾನು ಕಳಿಸುವ ನಾಳೆಯ ಅಂದಾಜನ್ನು ನೋಡಿ, "ಶೇಖರಪ್ಪನವರೇ, ಇದೊಂದೇ ಅಂಕಿ ಯಾಕೆ?" ಎಂದರು.

"ಮತ್ತೆಷ್ಟು ಬೇಕು ಮೇಡಂ? ಕೇಳೋದೇ ಒಂದು."

"ಕಡಿಮೆ ಅಂದ್ರೆ ಎಷ್ಟಾಗಬಹುದು, ಜಾಸ್ತಿ ಅಂದ್ರೆ ಎಷ್ಟಾಗಬಹುದು, ಎರಡೂ ಹೇಳಿ. ಯಾಕೆ ಅಂತಾನೂ ಒಂದು ಮಾತು ಹೇಳಿ. ಅವರ ಕಡೆಯಿಂದ ಗಾಳಿದೂ ಹಾಗೇ ಎರಡು ಅಂಕಿ ಬರುತ್ತೆ. ಎರಡನ್ನೂ ಇಟ್ಕೊಂಡು ಅಣೆಕಟ್ಟಲ್ಲಿ ಎಷ್ಟು ನೀರಿನ ಯಂತ್ರ ತಯಾರಿಟ್ಟಿರಬೇಕು ಅಂತ ಅವರು ಲೆಕ್ಕ ಹಾಕ್ತಾರೆ."

ನನಗೆ ಅವಮಾನವಾದಂತಾಯಿತು. ಎರಡು ಅಂಕಿ ಹೇಳುವುದೆಂದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ. ಅಷ್ಟು ವರ್ಷ ಕೂತ ಕುರ್ಚಿಗೆ ಅದು ಶೋಭೆಯಲ್ಲ ಎನಿಸಿತು. "ಆಯ್ತು ಮೇಡಂ" ಎಂದೆ. ಒಂದು ಹಿಡಿ ಜಾಸ್ತಿ ಸೇರಿಸಿದ ಆ ಹಳೆಯ ಒಂದೇ ಅಂಕಿಯನ್ನು ಕಳಿಸುತ್ತ ಹೋದೆ.

ಅದರ ಪೆಟ್ಟು ಬೇಗ ಬಿತ್ತು. ಇಲ್ಲಿ ತೋಟದವರ ಒಂದು ರೀತಿ ಹೇಳಬೇಕು. ಬೇಸಿಗೆ ಶುರುವಾಗುವಾಗ ರೊಬಸ್ಟಾ ಕಾಫಿ ಗಿಡದ ಮೊಗ್ಗಿಗೆ ಒಂದು ಒಳ್ಳೆಯ ಮಳೆ ಬೇಕು. ಅದಕ್ಕೆ ಹೂಮಳೆ ಎನ್ನುತ್ತಾರೆ. ಮಳೆ ಬಾರದಿದ್ದರೆ ಕೆರೆಯಿಂದ ಪಂಪು ಹಾಕಿ ಸ್ಪ್ರಿಂಕ್ಲರಿನಲ್ಲಿ ಮಳೆಯಂತೆಯೇ ನೀರು ಹಾರಿಸಬೇಕು. ಎಲ್ಲರ ಮೊಗ್ಗೂ ಒಂದೇ ಸಮಯಕ್ಕೆ ತಯಾರಾಗುವುದರಿಂದ ಎಲ್ಲರ ಪಂಪೂ ಒಟ್ಟಿಗೇ ತಿರುಗುತ್ತದೆ. ಆದರೆ ಆಕಾಶದಲ್ಲಿ ಮೋಡ ಕಟ್ಟಿತೋ, ಎಲ್ಲರೂ ಪಂಪು ನಿಲ್ಲಿಸಿ ಕತ್ತೆತ್ತಿ ನಿಲ್ಲುತ್ತಾರೆ. ದೇವರೇ ಹಾಕುವಾಗ ನಾವೇಕೆ ಎಳೆಯಬೇಕು ಎಂದು. ಮೋಡ ಸುಮ್ಮನೆ ದಾಟಿ ಹೋದರೆ ಬೈದುಕೊಂಡು ಎಲ್ಲರೂ ಒಟ್ಟಿಗೇ ಗುಂಡಿ ಒತ್ತುತ್ತಾರೆ.

ಅಂಥ ಒಂದು ದಿನ ನಾನು ತುಂಬಾ ಬೇಕು ಎಂದು ಬರೆಸಿದ್ದೆ. ಬೆಳಿಗ್ಗೆಯೇ ಮೋಡ ಕಟ್ಟಿತು. ಇಡೀ ತಾಲ್ಲೂಕು ಪಂಪು ನಿಲ್ಲಿಸಿ ಆಕಾಶ ನೋಡಿತು. ನಾವು ಕೇಳಿದ್ದ ಕರೆಂಟು ತೆಗೆದುಕೊಳ್ಳುವವರಿಲ್ಲ. ಕಂಟ್ರೋಲ್ ರೂಮಿನವರು ಫೋನಿನಲ್ಲಿ, "ಏನ್ರೀ ಮೂಡಿಗೆರೆ, ಊಟಕ್ಕೆ ಬರ್ತೀವಿ ಅಂತ ಹೇಳಿ ಅಡುಗೆ ಮಾಡಿಸಿ, ಎಲೆ ಹಾಕಿದ ಮೇಲೆ ಬರಲ್ಲ ಅಂತೀರಾ? ಗಾಳಿ ಚೆನ್ನಾಗಿ ಬೀಸ್ತಿದೆ, ಅಲ್ಲಿ ಯಂತ್ರ ನಿಲ್ಲಿಸ್ತಾ ಇದೀವಿ ಗೊತ್ತಾ?" ಎಂದು ಜಾಡಿಸಿದರು. ನನ್ನೊಬ್ಬನಿಂದ ಅಷ್ಟಾಗುವುದಿಲ್ಲ. ಆದರೆ ನನ್ನಂತೆಯೇ ಪ್ರತಿ ಸ್ಟೇಷನ್ನಿನಲ್ಲೂ ಒಬ್ಬ ಚೆನ್ನಪ್ಪಣ್ಣನ ಶಿಷ್ಯ ಕೂತಿದ್ದ. ನಾವೆಲ್ಲ ಸೇರಿಸಿದ ಒಂದೊಂದು ಹಿಡಿ ಕೂಡಿದರೆ ಗುಡ್ಡವಾಗುತ್ತಿತ್ತು.

ಮೇಡಂ ನನ್ನನ್ನು ಬೈಯಲಿಲ್ಲ. "ಗೊತ್ತಿಲ್ಲ ಅನ್ನೋದನ್ನ ಶಿಕ್ಷೆ ಅಂದ್ಕೋಬೇಡಿ" ಎಂದರು. "ಎಷ್ಟು ಗೊತ್ತಿಲ್ಲ ಅಂತ ಸರಿಯಾಗಿ ಹೇಳಿದ್ರೆ ಅದೇ ದೊಡ್ಡ ಕೆಲಸ." ನಾನು ತಲೆಯಾಡಿಸಿದೆ. ಕೇಳಲಿಲ್ಲ. ಮರುವರ್ಷ ಅದೇ ಕಾಲದಲ್ಲಿ, ಆರಂಭದಲ್ಲಿ ಹೇಳಿದ ಆ ತಪ್ಪು ಮಾಡಿದೆ.

ಹಳ್ಳದಕೆರೆ ಎಂಬ ಊರು ನಮ್ಮ ಫೀಡರುಗಳಲ್ಲೊಂದರ ತುದಿಯಲ್ಲಿದೆ. ಅಲ್ಲಿ ಐದಾರು ಮನೆಯ ಸಣ್ಣ ಬೆಳೆಗಾರರು ಸೇರಿ ಕೆರೆಗೊಂದು ಕರೆಂಟ್ ಪಂಪು, ಒಂದು ಸೆಟ್ ಪೈಪು ಇಟ್ಟುಕೊಂಡಿದ್ದಾರೆ. ಪೈಪು ಸರದಿಯ ಮೇಲೆ ತೋಟದಿಂದ ತೋಟಕ್ಕೆ ಹೋಗುತ್ತದೆ. ಹೊತ್ತು ಮುಳುಗಿತೋ, ನೀರು ಮುಗಿದಿರಲಿ ಬಿಡಲಿ, ಪೈಪು ಮುಂದಿನವರಿಗೆ. ಯಾರ ಮೊಗ್ಗೂ ಯಾರಿಗೂ ಕಾಯುವುದಿಲ್ಲವಾದ್ದರಿಂದ ಇದು ಅವರ ಕಟ್ಟುನಿಟ್ಟಿನ ಕಟ್ಟಳೆ. ಕರೆಂಟ್ ಹೋಯಿತೆಂದರೂ ವಿನಾಯಿತಿ ಇಲ್ಲ. ನಾನು ಹೇಳಹೊರಟ ದಿನ ಸರದಿ ಗಿರಿಜಕ್ಕನದು. ಗಂಡ ತೀರಿದ ಮೇಲೆ ತೋಟವನ್ನು ಒಬ್ಬರೇ ನೋಡಿಕೊಂಡವರು, ಮಾತು ಸ್ವಲ್ಪ ಖಾರ, ಕೈ ಧಾರಾಳ. ಅವರ ತೋಟದ ಮೇಲೆ ನಮ್ಮ ಲೈನು ಹಾದುಹೋಗಿತ್ತು. ಅದರ ಪಕ್ಕದಲ್ಲೊಂದು ದೊಡ್ಡ ಹಲಸು. ಕೊಂಬೆ ಕಡಿಯಲು ಹೋದ ಲೈನ್‌ಮ್ಯಾನ್ ಮಂಜಪ್ಪನನ್ನು ಅವರು ವರ್ಷ ವರ್ಷವೂ ತಡೆಯುತ್ತಿದ್ದರು. "ಅದು ಎಲ್ಲಿ ತಾಗ್ತದೆ ನಿನ್ನ ಲೈನಿಗೆ? ಒಂದು ಆಳು ಮಲ್ಗೋ ಅಷ್ಟು ದೂರ ಉಂಟು. ಹಣ್ಣು ತಿನ್ನೋಕೆ ಬಾ, ಕತ್ತಿ ತಗೊಂಡು ಬರ್ಬೇಡ" ಎನ್ನುವರು. ಮಂಜಪ್ಪ ಹಣ್ಣು ತಿಂದು ಬರುತ್ತಿದ್ದ. ನಮಗೂ ತರುತ್ತಿದ್ದ.

ಅಂದು ಬೆಳಿಗ್ಗೆ ಕಂಟ್ರೋಲ್ ರೂಮಿನವರು, "ಮಧ್ಯಾಹ್ನದ ಮೇಲೆ ಬಯಲುಸೀಮೆ ಕಡೆ ಮೋಡ ಬರಬಹುದು, ಬಾರದೇ ಇರಬಹುದು. ಗಾಳಿನೂ ನಂಬೋ ಹಾಗಿಲ್ಲ. ಸ್ವಲ್ಪ ತಯಾರಿರಿ" ಎಂದಿದ್ದರು. ಮೇಡಂ ಮೀಟಿಂಗಿಗೆಂದು ಚಿಕ್ಕಮಗಳೂರಿಗೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಗಿರಿಜಕ್ಕನ ಫೋನು ಬಂತು.

"ಶೇಖರಪ್ಪೋರೇ, ಇವತ್ತು ನನ್ನ ಸರದಿ. ಬಾಡಿಗೆಗೆ ಒಂದು ಡೀಸೆಲ್ ಪಂಪು ತರಿಸಿಟ್ಟಿದೀನಿ. ಪಕ್ಕದೂರಿನೋರು ಕೊಡಿ ಕೊಡಿ ಅಂತ ಜೀಪ್ ಸಮೇತ ಬಂದು ನಿಂತಿದಾರೆ. ಕಳಿಸ್ಲಾ, ಇಟ್ಕೊಳ್ಲಾ?"

"ಕಳಿಸಿ ಅಕ್ಕ. ಸಂಜೆವರೆಗೂ ಕರೆಂಟ್ ಅಲ್ಲಾಡಲ್ಲ."

"ನೋಡಿ ಮತ್ತೆ."

"ನಾನಿದೀನಲ್ಲ!"

ಬೆಳಿಗ್ಗೆ ಕೇಳಿದ ಮಾತು ನನ್ನ ಕಿವಿಯಲ್ಲೇ ಇತ್ತು. ಬರಬಹುದು, ಬಾರದೇ ಇರಬಹುದು ಎಂಬುದನ್ನು ಅವರಿಗೆ ಹಾಗೆಯೇ ದಾಟಿಸಿದ್ದರೆ ಅವರು ಪಂಪು ಇಟ್ಟುಕೊಳ್ಳುತ್ತಿದ್ದರು. ನನ್ನ ಬಾಯಿಗೆ ಅದು ಬರಲಿಲ್ಲ.

ಊಟ ಮುಗಿಸಿ ಕೂತಿದ್ದೆ. ಮೀಟರು ಐವತ್ತರ ಕೆಳಗೆ ಇಳಿಯತೊಡಗಿತು. ಕಂಟ್ರೋಲ್ ರೂಮಿನ ಫೋನು ಬಂತು. "ಮೋಡ ಕವಿದಿದೆ, ಗಾಳಿನೂ ಬಿದ್ದಿದೆ. ನೀರಿನ ಯಂತ್ರ ಹಚ್ತಿದೀವಿ. ಅಲ್ಲಿವರೆಗೆ ಒಂದು ಪಂಪಿನ ಫೀಡರ್ ತೆಗೀರಿ. ಸ್ವಲ್ಪ ಹೊತ್ತಷ್ಟೇ."

"ಯಾವುದು?"

"ಅದು ನಿಮಗೆ ಬಿಟ್ಟಿದ್ದು."

ನನ್ನ ಮುಂದೆ ಎರಡಿದ್ದವು. ಒಂದರಲ್ಲಿ ದೊಡ್ಡ ಎಸ್ಟೇಟುಗಳು. ಅಲ್ಲಿಯವರಿಗೆ ತಮ್ಮದೇ ದೊಡ್ಡ ಜನರೇಟರುಗಳಿದ್ದವು, ಕರೆಂಟ್ ಹೋದರೆ ಅದನ್ನು ಹಾಕಿಕೊಳ್ಳುತ್ತಿದ್ದರು. ಆದರೆ ಮ್ಯಾನೇಜರು ನೇರವಾಗಿ ಮೇಲಿನ ಸಾಹೇಬರಿಗೆ ಫೋನ್ ಮಾಡುವವರು. ಇನ್ನೊಂದರಲ್ಲಿ ಹಳ್ಳದಕೆರೆಯಂಥ ಊರುಗಳು. ಅವರು ಫೋನ್ ಮಾಡುವುದು ನನಗೆ. ನಾನು ಹಳ್ಳದಕೆರೆಯದನ್ನು ತೆಗೆದೆ. ಯೋಚಿಸಲು ಹೆಚ್ಚು ಹೊತ್ತೂ ಹಿಡಿಯಲಿಲ್ಲ.

ಗಿರಿಜಕ್ಕನ ಫೋನು ಕೂಡಲೇ ಬಂತು. "ಎಂತ ಆಯ್ತು ಮಾರಾಯ್ರೇ? ಅರ್ಧ ತೋಟ ಆಗಿಲ್ಲ, ಸ್ಪ್ರಿಂಕ್ಲರ್ ಜೆಟ್ ಎಲ್ಲ ತಲೆ ಬಗ್ಗಿಸ್ಕೊಂಡು ನಿಂತವೆ!"

ಆ ಗಳಿಗೆ ನಿಜ ಹೇಳಬಹುದಿತ್ತು. ಗಾಳಿ ಬಿದ್ದಿದೆ ಅಕ್ಕ, ನಾನೇ ತೆಗೆದಿದ್ದೇನೆ, ಮತ್ತೆ ಹಾಕುತ್ತೇನೆ ಎಂದು. ಬೆಳಿಗ್ಗೆ "ನಾನಿದೀನಲ್ಲ" ಎಂದ ಬಾಯಿ ಬೇರೆಯದೇ ಹೇಳಿತು. "ನಿಮ್ಮ ಲೈನೇ ಟ್ರಿಪ್ ಆಗಿದೆ ಅಕ್ಕ. ಎಲ್ಲೋ ಮರ ತಾಗಿರ್ಬೇಕು. ಮಂಜಪ್ಪನ್ನ ಕಳಿಸ್ತೀನಿ."

ಒಂದು ಸುಳ್ಳು ಹೇಳಿದರೆ ಅದಕ್ಕೆ ನಡೆಯಲು ಕಾಲು ಕೊಡಬೇಕು. ಮಂಜಪ್ಪನಿಗೆ ಹೇಳಿದೆ. ಆತ ಹಗ್ಗ, ಕತ್ತಿ ತೆಗೆದುಕೊಂಡು ಲೈನಿನ ಬುಡದಲ್ಲೇ ಕಣಿವೆಗೆ ಇಳಿದ. ಇಲ್ಲದ ದೋಷವನ್ನು ಹುಡುಕುತ್ತ.

ಆತ ಇಳಿದು ಸ್ವಲ್ಪ ಹೊತ್ತಾಗಿತ್ತು. ಕಂಟ್ರೋಲ್ ರೂಮಿನವರು, "ಆಯ್ತು, ನೀರಿನ ಯಂತ್ರ ಬಂತು. ಹಾಕ್ಕೊಳ್ಳಿ" ಎಂದರು.

ಫೀಡರನ್ನು ಹಾಕಿ ತೆಗೆಯುವ ಬ್ರೇಕರಿನ ಮುಂದೆ ನಿಂತೆ. ಹಾಕುವಂತಿರಲಿಲ್ಲ. ಲೈನಿನ ಮೇಲೆ ಮನುಷ್ಯನಿದ್ದಾನೆ. ಎಲ್ಲಿ ಕಂಬ ಹತ್ತಿದ್ದಾನೋ, ಯಾವ ತಂತಿಯ ಹತ್ತಿರದ ಕೊಂಬೆ ಹಿಡಿದಿದ್ದಾನೋ ತಿಳಿಯದು. ಆತ ತಾನಾಗಿ ಬಂದು 'ಎಲ್ಲ ಸರಿ' ಎನ್ನುವವರೆಗೆ ಕೈ ಹಾಕಬಾರದು. ಇಡೀ ವೃತ್ತಿಯಲ್ಲಿ ನಾನು ಮುರಿಯದ ನಿಯಮ ಅದೊಂದೇ. ಮೊಬೈಲಿಗೆ ಮಾಡಿದೆ. ಆ ಕಣಿವೆಯಲ್ಲಿ ಸಿಗ್ನಲ್ ಇಲ್ಲ. ಮತ್ತೆ ಮಾಡಿದೆ. ಸಹೋದ್ಯೋಗಿಯೊಬ್ಬನನ್ನು ಬೈಕಿನಲ್ಲಿ ಕಳಿಸಿದೆ, ಆತನಿಗೆ ಮಂಜಪ್ಪ ಸಿಗಲಿಲ್ಲ. ಕಂಟ್ರೋಲ್ ರೂಮಿನವರು, "ಕೊಟ್ಟರೂ ತಗೊಳ್ಳಲ್ವಲ್ರೀ!" ಎಂದರು. ಕರೆಂಟು ನನ್ನ ಬಾಗಿಲಲ್ಲಿತ್ತು. ಸ್ವಲ್ಪ ಹೊತ್ತಿನ ಕಡಿತವನ್ನು ನನ್ನ ಸುಳ್ಳು ಸಂಜೆಯವರೆಗೆ ಎಳೆಯಿತು.

ಹೊತ್ತು ಮುಳುಗುವಾಗ ಮಂಜಪ್ಪ ಬಂದ. ಕೈಯೆಲ್ಲ ಲಂಟಾನದ ಮುಳ್ಳು ಗೀರಿತ್ತು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. "ಶೇಖರಣ್ಣ, ತುದಿಯಿಂದ ತುದಿಗೆ ನೋಡ್ದೆ ಮಾರಾಯ. ಎಂತದೂ ಸಿಗ್ಲಿಲ್ಲ. ನನ್ನ ಕಣ್ಣೇ ಹೋಯ್ತೋ ಏನೋ. ಒಂದೇ ಅನುಮಾನ ಅಂದ್ರೆ ಗಿರಿಜಕ್ಕನ ಹಲಸು. ಗಾಳಿಗೆ ಕೊಂಬೆ ಬಾಗಿರ್ಬೇಕು."

ನಾನು ಹೇಳಿದೆ: "ಅದೇ ಇರ್ಬೇಕು."

ಎರಡೇ ಪದ. ಆ ದಿನ ಇಲ್ಲಿ ಎಲೆ ಅಲ್ಲಾಡುವಷ್ಟು ಗಾಳಿಯೂ ಇರಲಿಲ್ಲ.

ಆಮೇಲೆ ಆದದ್ದೆಲ್ಲ ನನ್ನ ಕೈಮೀರಿ ಆಯಿತು. ಗಿರಿಜಕ್ಕನ ಹಲಸಿನಿಂದ ಲೈನು ಹೋಯಿತಂತೆ ಎಂದು ಫೀಡರಿನ ಊರುಗಳಲ್ಲೆಲ್ಲ ಮಾತು ಹರಡಿತು. ಅಂದು ನೀರು ಅರ್ಧಕ್ಕೆ ನಿಂತವರು ಅವರೊಬ್ಬರೇ ಅಲ್ಲ. ಹಾಲಿನ ಡೇರಿಯ ಮುಂದೆ ಒಬ್ಬರು, "ಏನು ಗಿರಿಜಮ್ಮ, ನಿಮ್ಮ ಹಲಸಿನ ಹಣ್ಣು ಊರಿಗೆಲ್ಲ ಸಿಹಿ ಹಂಚ್ತಲ್ಲ!" ಎಂದರಂತೆ. ಅವರಿಗೆ ಎಂದೂ ಮಾತಿಗೆ ಮಾತು ತಪ್ಪಿದ್ದಿಲ್ಲ. ಅಂದು ಸುಮ್ಮನೆ ಕ್ಯಾನು ತೆಗೆದುಕೊಂಡು ಮನೆಗೆ ಹೋದರಂತೆ. ಮರುದಿನ ತಾವೇ ಮಂಜಪ್ಪನಿಗೆ ಹೇಳಿ ಕಳಿಸಿದರು. ಕೊಂಬೆಯಲ್ಲ, ಬುಡದಿಂದಲೇ ಕಡಿಸಿದರು.

ಒಂದು ವಾರ ಕಳೆದು ಆ ದಾರಿಯಲ್ಲಿ ಹೋದೆ. ನೀರು ಬಿದ್ದ ತೋಟಗಳೆಲ್ಲ ಹೂವಿನಿಂದ ಬೆಳ್ಳಗಾಗಿದ್ದವು, ರಸ್ತೆಯವರೆಗೆ ಪರಿಮಳ. ಗಿರಿಜಕ್ಕನ ತೋಟದಲ್ಲಿ ಒಂದು ಭಾಗ ಬೆಳ್ಳಗೆ. ಉಳಿದ ಭಾಗದಲ್ಲಿ ಅರೆನೀರು ಕುಡಿದ ಮೊಗ್ಗುಗಳು ಕೆಂಪಗೆ ತಿರುಗಿ ಬಿಚ್ಚದೆ ನಿಂತಿದ್ದವು. ಎರಡರ ನಡುವೆ ಗೆರೆ ಎಳೆದಂತಿತ್ತು. ಆ ಗೆರೆ ಎಳೆದವನು ನಾನು. ಪಕ್ಕದಲ್ಲಿ ಹಲಸಿನ ಬುಡ, ಅದರ ನೆರಳಿಲ್ಲದೆ ಬಿಸಿಲಿಗೆ ಬಾಡುತ್ತಿದ್ದ ಗಿಡಗಳು.

ಸಹನಾ ಮೇಡಂ ಚಿಕ್ಕಮಗಳೂರಿನಿಂದ ಬಂದ ಮೇಲೆ ಒಂದೇ ಪ್ರಶ್ನೆ ಕೇಳಿದರು. "ರಿಲೇ ಫ್ಲ್ಯಾಗ್ ಬಿದ್ದಿತ್ತಾ?" ಲೈನು ನಿಜವಾಗಿ ಟ್ರಿಪ್ ಆದರೆ ಪ್ಯಾನೆಲಿನಲ್ಲಿ ಬೀಳುವ ಗುರುತು ಅದು. "ಬಿದ್ದಿತ್ತು ಮೇಡಂ" ಎಂದೆ. ಅವರು ಒಮ್ಮೆ ಪ್ಯಾನೆಲಿನ ಕಡೆ ನೋಡಿದರು. ಮುಂದೆ ಕೇಳಲಿಲ್ಲ. ಅವರಿಗೆ ತಿಳಿದಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಆದರೆ ಅವರು ಸುಮ್ಮನೆ ಕೂರಲಿಲ್ಲ. ಮುಂದಿನ ಬೇಸಿಗೆಗೆ ಮೊದಲು ಪಂಪಿನ ಫೀಡರುಗಳ ಊರೂರಿಗೆ ಹೋಗಿ ಬೆಳೆಗಾರರನ್ನು ಕೂರಿಸಿ ಮಾತಾಡಿದರು. ಮೊಬೈಲಿನಲ್ಲಿ ಒಂದು ಗುಂಪು ಮಾಡಿದರು. ಪ್ರತಿ ಸಂಜೆ ಅದರಲ್ಲಿ ಮರುದಿನದ ಮಾತು ಬರುತ್ತಿತ್ತು: ಬೆಳಗಿನ ಹೊತ್ತು ಬಹುಮಟ್ಟಿಗೆ ಖಾತ್ರಿ, ಮಧ್ಯಾಹ್ನ ಅರ್ಧಂಬರ್ಧ, ಡೀಸೆಲ್ ಇದ್ದವರು ಮಧ್ಯಾಹ್ನ ಇಟ್ಟುಕೊಳ್ಳಿ, ತೆಗೆಯಬೇಕಾಗಿ ಬಂದರೆ ಮೊದಲು ಜನರೇಟರ್ ಇರುವ ಎಸ್ಟೇಟುಗಳ ಫೀಡರು, ಆಮೇಲೆ ಉಳಿದದ್ದು. ಎಸ್ಟೇಟಿನವರು ಒಂದಿಷ್ಟು ಕೂಗಾಡಿದರು. ಮೇಡಂ ಅವರ ಬಂಗಲೆಗಳಿಗೂ ಹೋಗಿ ಕಾಫಿ ಕುಡಿದು ಒಪ್ಪಿಸಿ ಬಂದರು. ಮೋಡ ಕಟ್ಟಿದಾಗ ಪಂಪು ನಿಲ್ಲಿಸುವವರು ಗುಂಪಿನಲ್ಲಿ ಒಂದು ಮಾತು ಹಾಕುವುದು ರೂಢಿಯಾಯಿತು. ಅದನ್ನು ನೋಡಿ ನಾನು ಮೇಲೆ ಹೇಳುತ್ತಿದ್ದೆ, ಈಗ ಎರಡು ಅಂಕಿಯಲ್ಲಿ. ಮೊದಮೊದಲು ಎರಡರ ನಡುವೆ ಆನೆ ನುಗ್ಗುವಷ್ಟು ಅಂತರ ಇರುತ್ತಿತ್ತು. ವರ್ಷ ಕಳೆದಂತೆ ಕಿರಿದಾಯಿತು. ಪೂರ್ತಿ ಮುಚ್ಚಲಿಲ್ಲ. ಅದು ಮುಚ್ಚುವುದಿಲ್ಲ. ಮುಚ್ಚಿದೆ ಎಂದು ಯಾರಾದರೂ ಹೇಳಿದರೆ ಅವರನ್ನು ನಂಬಬೇಡಿ, ನಾನು ಅಂಥವನಾಗಿದ್ದೆ.

ನನ್ನ ಬೀಳ್ಕೊಡುಗೆಗೆ ಗಿರಿಜಕ್ಕ ಬಂದಿದ್ದರು. ಒಂದು ಬಾಟಲಿ ಜೇನು ಕೈಗಿಟ್ಟು, ಯಾರಿಗೂ ಕೇಳದಂತೆ, "ಆವತ್ತು ನನ್ನ ಮರದ ವಿಷಯ ಇಲಾಖೆವರೆಗೆ ಹೋಗ್ದಂಗೆ ನೀವು ನೋಡ್ಕೊಂಡ್ರಿ. ನಾನು ಮರೆತಿಲ್ಲ" ಎಂದರು. ನಾನು ಶಾಲು ಹೊದ್ದು ಕೂತಿದ್ದೆ. ಬೇಡ ಎನ್ನದೆ ತೆಗೆದುಕೊಂಡೆ. ಆ ಜೇನನ್ನು ಮನೆಯಲ್ಲಿ ಯಾರೂ ಮುಟ್ಟದಂತೆ ಮೇಲಿಟ್ಟೆ. ಹೆಂಡತಿ, "ಯಾರಿಗೆ ಕೂಡಿಟ್ಟಿದೀರಿ?" ಎಂದು ಕೇಳಿದಾಗಲೂ ಹೇಳಲಿಲ್ಲ. ಹೀಗೆ ಎರಡು ಮಳೆಗಾಲ ಕಳೆಯಿತು.

ಈ ವರ್ಷ ಮೊಗ್ಗು ತಯಾರಾಗುವ ಹೊತ್ತಿಗೆ ಮೊದಲು ಮಂಜಪ್ಪನಿಗೆ ಹೇಳಿದೆ. ಆತ ಇನ್ನೂ ಕೆಲಸದಲ್ಲಿದ್ದಾನೆ. "ನನ್ನ ಕಣ್ಣು ಸರಿ ಇತ್ತು ಅನ್ನು" ಎಂದ. "ಅವತ್ತಿಂದ ಯಾವ ಲೈನ್ ನೋಡಿದ್ರೂ ಎರಡೆರಡು ಸಲ ನಡೀತಿದೀನಿ ಮಾರಾಯ. ಎಂತದೋ ಬಿಟ್ಟುಹೋಯ್ತೇನೋ ಅಂತ. ಆ ಕತ್ತಿ ಹಾಕಿದ್ದು ನಾನೇ ಅಲ್ವಾ ಆ ಮರಕ್ಕೆ." ಎದ್ದು ಹೋಗುವಾಗ ತಿರುಗಿ, "ಚಪ್ಪಲಿ ಒಂದು ಜೊತೆ ಕೊಡ್ಸು" ಎಂದ. ನಗಲಿಲ್ಲ.

ಮರುದಿನ ಗಿರಿಜಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಕಾಳುಮೆಣಸು ಒಣಗಲು ಹರಡುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಟ್ರಿಪ್ ಆಗಿರಲಿಲ್ಲ, ನಾನೇ ತೆಗೆದದ್ದು, ನಿಮ್ಮದನ್ನೇ ಆರಿಸಿ ತೆಗೆದದ್ದು, ಬೇಗ ಕೊಡಬಹುದಾಗಿದ್ದನ್ನು ಕೊಡಲಾಗದಂತೆ ಮಾಡಿಕೊಂಡದ್ದು, ಮರ ಏನೂ ಮಾಡಿರಲಿಲ್ಲ ಎಂದು. ಅವರು ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ. ಮೆಣಸು ಒಂದೇ ಸಮನಾಗುವವರೆಗೆ ಹರಡಿದರು.

"ನನ್ನ ಹತ್ರ ಎಂತಕ್ಕೆ ಹೇಳ್ತೀರಿ?" ಎಂದರು ಕೊನೆಗೆ. "ನನಗೆ ಬೈದೋರು ಯಾರು, ನಾನಾ? ಆವತ್ತಿಂದ ಪೈಪಿನ ಸರದೀಲಿ ನನ್ನನ್ನ ಕೊನೆಗೆ ಇಟ್ಟಿದಾರೆ. ಕೊನೆಗೆ ಬರೋ ಹೊತ್ತಿಗೆ ಕೆರೇಲಿ ಕೆಸರು ಇರ್ತದೆ. ನಂದೇ ತಪ್ಪು ಅಂತ ಬಾಯಿ ಮುಚ್ಕೊಂಡಿದೀನಿ. ಶುಕ್ರವಾರ ಬಸವೇಗೌಡ್ರ ಜಗಲೀಲಿ ಸರದಿ ಗೊತ್ತು ಮಾಡ್ತಾರೆ. ಅಲ್ಲಿ ಬಂದು ಹೇಳಿ."

ಕಾಫಿ ಕೊಡಲಿಲ್ಲ. ಆ ಕಡೆಯ ಮನೆಗಳಲ್ಲಿ ಕಾಫಿ ಕೊಡದಿರುವುದೂ ಒಂದು ಮಾತು ಹೇಳಿದಂತೆಯೇ.

ಶುಕ್ರವಾರ ಹೋದೆ. ಬಸವೇಗೌಡರು ಊರಿಗೆ ಹಿರಿಯರು, ಸರದಿ ಹೇಳುವವರು. ಜಗಲಿಯ ಮೇಲೆ ಎಲ್ಲ ಮನೆಯವರೂ ಇದ್ದರು. ನನ್ನನ್ನು ಕಂಡು, "ಓ, ಕರೆಂಟ್ ಬಂತು!" ಎಂದು ಯಾರೋ ನಗಿಸಿದರು. ನಾನು ಹೇಳಿ ಮುಗಿಸಿದಾಗ ನಗುವವರಿರಲಿಲ್ಲ. ಡೇರಿಯ ಮುಂದೆ ಮಾತಾಡಿದವರು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಬಸವೇಗೌಡರು ಮಾತ್ರ, "ಇಷ್ಟು ವರ್ಷ ಎಂತ ಮಾಡ್ತಿದ್ರಿ ಶೇಖರಪ್ಪ?" ಎಂದರು. ಆಮೇಲೆ ಅವರು ಗಿರಿಜಕ್ಕನ ಕಡೆ ತಿರುಗಿ, "ಈ ಸಲ ಮೊದಲ ಸರದಿ ನಿನಗೇ ಇರ್ಲಿ ತಂಗಿ" ಎಂದರು.

"ಮೊದ್ಲು ಬೇಡ" ಎಂದರು ಗಿರಿಜಕ್ಕ. "ಹಿಂದೆ ನಂದು ಎಲ್ಲಿತ್ತೋ ಅಲ್ಲಿ ಇಡಿ."

ಹಿಂದೆ ಅವರದು ಎರಡನೆಯದು. ಹಾಗೆಯೇ ಗೊತ್ತಾಯಿತು. ಬೆಳೆಗಾರರು ಒಬ್ಬೊಬ್ಬರಾಗಿ ಎದ್ದರು. ನಾನು ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಹಿಂದಿನಿಂದ ಗಿರಿಜಕ್ಕನ ದನಿ ಬಂತು, ಎಲ್ಲರಿಗೂ ಕೇಳುವಂತೆ.

"ಶೇಖರ‍ಪ್ಪೋರೇ, ಭಾನುವಾರ ನನ್ನ ಸರದಿ. ಕರೆಂಟ್ ಇರ್ತದಾ?"

ಎದ್ದು ಹೊರಟವರು ಅಲ್ಲೇ ನಿಂತರು. ಅವರು ಕುಹಕಕ್ಕೆ ಕೇಳಿದರೋ, ನಿಜವಾಗಿಯೇ ಕೇಳಿದರೋ, ಮುಖ ನೋಡಿದರೂ ತಿಳಿಯಲಿಲ್ಲ. ಬಾಯಿಗೆ ಹಳೆಯ ಉತ್ತರವೇ ಮೊದಲು ಬಂತು. ಅದನ್ನು ನುಂಗಿಕೊಂಡೆ.

"ಗೊತ್ತಿಲ್ಲ ಅಕ್ಕ" ಎಂದೆ. "ಬೆಳಿಗ್ಗೆ ಇರಬಹುದು. ಮಧ್ಯಾಹ್ನ ನಂಬಬೇಡಿ."

ಅವರು ಪಕ್ಕದವರ ಕಡೆ ತಿರುಗಿ, "ಹಾಗಾದ್ರೆ ಆ ಡೀಸೆಲ್ ಪಂಪಿನೋನಿಗೆ ಇವತ್ತೇ ಹೇಳಿ ಕಳಿಸ್ಬೇಕು" ಎಂದರು.